ದೋಣಿಗಾರ ಸತ್ತ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಎರಡನೇ ಸಲ ಉಳಿದದ್ದೆಲ್ಲ ಬಿಟ್ಟು ನೇರವಾಗಿ ಕೊನೆಯ ಪುಟಕ್ಕೇ ಹೋದೆ. ‘31ನೇ ಅಧ್ಯಾಯದಲ್ಲಿ ದೋಣಿಗಾರನನ್ನು ಸಾಯಿಸಿದೆ ದೊಡ್ಡಮ್ಮ. ಆಮೇಲೆ ಊಟ ಮಾಡಿ ಮಲಗಿದೆ. ಒಳ್ಳೆ ನಿದ್ದೆ ಬಂತು. ಏನೂ ಅನ್ನಿಸಲೇ ಇಲ್ಲ. ಏಳು ವರ್ಷ ಜೊತೆಗಿದ್ದವನು. ನಾನು ಎಂಥವಳು?’

ಮನೆ ಸುದ್ದಿಯೆಲ್ಲ ನಿನ್ನಮ್ಮ ಹೇಳಿರುತ್ತಾಳೆ, ಅದನ್ನು ಬಿಟ್ಟೆ. ನನಗೆ ನಿದ್ದೆ ಕೆಡಿಸಿದ್ದು ಆ ‘ಎಂಥವಳು’ ಅನ್ನುವ ಒಂದು ಮಾತು. ನಿನಗೆ ಬಂದ ನಿದ್ದೆ ನನಗೆ ಬರಲಿಲ್ಲ ನೋಡು.

ನಿನ್ನ ಕಾದಂಬರಿಯ ಆ ದೋಣಿಗಾರ ನನಗೂ ಪರಿಚಯದವನೇ ಅಲ್ವಾ. ಮೊದಲ ಸಂಪುಟದ ಮೊದಲ ಪುಟದಲ್ಲೇ ದೋಣಿ ಹತ್ತುವ ಮುಂಚೆ ಎರಡು ಬೆರಳು ನೀರಿಗದ್ದಿ ಹಣೆಗೆ ಒತ್ತಿಕೊಂಡವನು. ಯಾಕೆ ಹಾಗೆ ಮಾಡುತ್ತಾನೆ ಅಂತ ನೀನು ಎಲ್ಲೂ ಹೇಳಲಿಲ್ಲ. ಹೇಳದಿದ್ದದ್ದೇ ಒಳ್ಳೆಯದಾಯಿತು. ಅವನು ಸಾಯುತ್ತಾನೆ ಅಂತ ನನಗೆ ಎರಡನೇ ಸಂಪುಟದಲ್ಲೇ ಅನುಮಾನ ಬಂದಿತ್ತು. ಎಲ್ಲರಿಗೂ ಬುದ್ಧಿ ಹೇಳುವ ವಯಸ್ಸಾದ ಪಾತ್ರಗಳು ಇಂಥ ಕಥೆಗಳಲ್ಲಿ ಜಾಸ್ತಿ ದಿನ ಬಾಳುವುದಿಲ್ಲ. ಇದನ್ನು ಬರೆಯುವಾಗ ನನಗೇ ನಗು ಬಂತು, ಇರಲಿ.

ನಿನಗೆ ಈ ಭಯ ಎಲ್ಲಿಂದ ಬಂತು ಅಂತ ಊಹಿಸಬಲ್ಲೆ. ದೊಡ್ಡ ಲೇಖಕರ ಸಂದರ್ಶನಗಳನ್ನು ಓದಿರುತ್ತೀಯ. ‘ಗೇಮ್ ಆಫ್ ಥ್ರೋನ್ಸ್’ ಬರೆದ ಮಾರ್ಟಿನ್ ತನ್ನ ಮೂರನೇ ಸಂಪುಟದ ಆ ರಕ್ತದ ಮದುವೆಯ, ಮದುವೆ ಮನೆಯಲ್ಲೇ ಮುಖ್ಯ ಪಾತ್ರಗಳು ಕೊಲೆಯಾಗುವ, ಅಧ್ಯಾಯವನ್ನು ಬರೆಯಲಾಗದೆ ಪಕ್ಕಕ್ಕಿಟ್ಟ. ಇಡೀ ಪುಸ್ತಕ ಮುಗಿಸಿ ಕೊನೆಗೆ ಅದಕ್ಕೆ ಬಂದ. ಪುಸ್ತಕ ಹೊರಬಂದದ್ದು 2000ದಲ್ಲಿ. ಇಪ್ಪತ್ತು ವರ್ಷ ಕಳೆದ ಮೇಲೂ ಓದಿದವರು ಆ ಪುಟಗಳ ಬಗ್ಗೆ ಮಾತಾಡುತ್ತಿದ್ದರು. ಹ್ಯಾರಿ ಪಾಟರ್ ಬರೆದ ರೌಲಿಂಗ್ ಐದನೇ ಪುಸ್ತಕದಲ್ಲಿ ಹ್ಯಾರಿಯ ಗಾಡ್‌ಫಾದರ್ ಸಿರಿಯಸ್‌ನನ್ನು ಸಾಯಿಸಿ ಅಳುತ್ತಾ ಎದ್ದು ಬಂದರಂತೆ. ‘ಹಾಗಾದರೆ ಸಾಯಿಸಬೇಡ’ ಅಂದರಂತೆ ಗಂಡ. ಇವನ್ನೆಲ್ಲ ಓದಿ ನೀನು ಕನ್ನಡಿಯಲ್ಲಿ ನಿನ್ನ ಒಣ ಕಣ್ಣು ನೋಡಿಕೊಂಡಿದ್ದೀಯ.

ಆದರೆ ಶೆರ್ಲಾಕ್ ಹೋಮ್ಸ್ ಕಥೆಗಳನ್ನು ಬರೆದ ಕಾನನ್ ಡಾಯ್ಲ್ ಕಥೆ ಗೊತ್ತಾ? ಹೋಮ್ಸ್‌ನನ್ನು ಮುಗಿಸಿಬಿಡುತ್ತೇನೆ ಅಂತ ತಾಯಿಗೆ ಬರೆದಾಗ ಅವರು ಬೇಡವೇ ಬೇಡ ಅಂದಿದ್ದರು. ಎರಡು ವರ್ಷ ಸುಮ್ಮನಿದ್ದು, 1893ರಲ್ಲಿ ಜಲಪಾತಕ್ಕೆ ತಳ್ಳಿಯೇ ಬಿಟ್ಟ. ಡೈರಿಯಲ್ಲಿ ಬರೆದದ್ದು ಎರಡೇ ಪದ, ಹೋಮ್ಸ್‌ನನ್ನು ಕೊಂದೆ ಅಂತ. ಅಷ್ಟೇ. ಹಾಲಿನವನಿಗೆ ದುಡ್ಡು ಕೊಟ್ಟೆ ಅಂತ ಬರೆದ ಹಾಗೆ. ಅಳು ಬಂದದ್ದು ಓದುಗರಿಗೆ. ಅದು ಪತ್ತೇದಾರಿ ಕಥೆ, ನಿನ್ನ ಹಾಗೆ ಸಿಂಹಾಸನ, ಡ್ರ್ಯಾಗನ್ ಇರುವ ಲೋಕ ಅಲ್ಲ, ಒಪ್ಪುತ್ತೇನೆ. ಆದರೆ ಒಂದೇ ಪಾತ್ರದ ಜೊತೆ ವರ್ಷಗಟ್ಟಲೆ ಸಂಸಾರ ಮಾಡಿದ ಸುಸ್ತು ಎಲ್ಲ ಕಡೆಯೂ ಒಂದೇ. ನಿನಗೂ ಆ ಸುಸ್ತೇ ಇರಬಹುದು.

ಇಷ್ಟಕ್ಕೇ ಪತ್ರ ನಿಲ್ಲಿಸಬೇಕು ಅಂದುಕೊಂಡಿದ್ದೆ. ಆಗಲಿಲ್ಲ.

ನಾನು ವಾರಪತ್ರಿಕೆಗೆ ಧಾರಾವಾಹಿ ಬರೆಯುತ್ತಿದ್ದದ್ದು ನಿನಗೆ ಗೊತ್ತು. ಅದರಲ್ಲಿ ಒಬ್ಬ ಕೋಟೆ ಕಾವಲುಗಾರ ಇದ್ದ, ಎಡಗಿವಿ ಹರಿದವನು. ನೂರು ವಾರ ನಡೆಸಿಕೊಂಡು ಬಂದಿದ್ದೆ. ಅವನನ್ನು ಸಾಯಿಸಿದ ರಾತ್ರಿ ನಾನು ಅತ್ತ ಅಳುವಿಗೆ ಕಾಗದ ಒದ್ದೆಯಾಗಿ ಶಾಯಿ ಹರಡಿಹೋಯಿತು. ತಿರುಗಿ ಬರೆಯಲು ಟೈಮ್ ಇರಲಿಲ್ಲ, ಹಾಗೇ ಕಳಿಸಿದೆ. ಮೊಳೆ ಜೋಡಿಸುವವರಿಗೆ ಎರಡು ಸಾಲು ಓದಲು ಬರಲಿಲ್ಲ. ಬಿಟ್ಟುಬಿಟ್ಟರು. ಆ ಎರಡು ಸಾಲು ಇಲ್ಲದೆಯೇ ಅಚ್ಚಾಯಿತು. ಒಬ್ಬರಿಗೂ ಗೊತ್ತಾಗಲಿಲ್ಲ ಪುಟ್ಟಿ. ನಾನು ಅತ್ತದ್ದು ಸರಿಯಾಗಿ ಆ ಎರಡು ಸಾಲಿಗೆ.

ಆ ಕಂತಿಗೆ ಬಂದದ್ದು ಎರಡೇ ಕಾರ್ಡ್. ಒಂದರಲ್ಲಿ ‘ಚೆನ್ನಾಗಿದೆ’ ಅಂತ ಇತ್ತು. ಇನ್ನೊಂದರಲ್ಲಿ ಒಂದೇ ಪ್ರಶ್ನೆ: ‘ಅವನ ಕುದುರೆ ಏನಾಯಿತು?’

ಕುದುರೆ ನನಗೆ ಮರೆತೇ ಹೋಗಿತ್ತು. ಅವನು ಬಿದ್ದ ಜಾಗದಲ್ಲೇ ಜೀನು ಹಾಕಿ ನಿಲ್ಲಿಸಿದ್ದೆ, ಮುಂದಿನ ವಾರ ರಾಜಧಾನಿಯ ಕಥೆಗೆ ಹೋಗಿಬಿಟ್ಟೆ. ಅದು ಈಗಲೂ ಅಲ್ಲೇ ನಿಂತಿದೆ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ.

ಆಮೇಲೆ ಇನ್ನೂ ದೊಡ್ಡ ತಪ್ಪು ಮಾಡಿದೆ. ಪ್ರಸಾರ ಇಳಿಯುತ್ತಿದೆ, ಅವನನ್ನು ವಾಪಸ್ ತನ್ನಿ ಅಂದರು ಪತ್ರಿಕೆಯವರು. ತಂದೆ. ನಾಲ್ಕು ತಿಂಗಳಿಗೆ ಗುಹೆಯೊಂದರಿಂದ ಎದ್ದು ಬಂದ, ಅದೇ ಹರಿದ ಕಿವಿ, ಅದೇ ಮಾತು. ಅಲ್ಲಿಂದ ಮುಂದೆ ನನ್ನ ಕಥೆಯಲ್ಲಿ ಯಾರ ಕುತ್ತಿಗೆಗೆ ಕತ್ತಿ ಬಂದರೂ ಓದುವವರು ಹೆದರಲಿಲ್ಲ. ಟೋಲ್ಕಿನ್‌ನ ‘ಲಾರ್ಡ್ ಆಫ್ ದ ರಿಂಗ್ಸ್’ನಲ್ಲಿ ಮಾಂತ್ರಿಕ ಗ್ಯಾಂಡಾಲ್ಫ್ ಸತ್ತು ವಾಪಸ್ ಬರಲಿಲ್ವಾ ಅಂತ ನೀನು ಕೇಳುತ್ತೀಯ. ಬಂದ. 1954ರಲ್ಲಿ ಬಂದ ಮೊದಲ ಸಂಪುಟದಲ್ಲಿ ಪಾತಾಳಕ್ಕೆ ಬಿದ್ದವನು ಅದೇ ವರ್ಷದ ಎರಡನೇ ಸಂಪುಟದಲ್ಲಿ ಎದ್ದು ಬಂದ. ಆದರೆ ಬೂದು ಬಟ್ಟೆಯವನು ಬಿಳಿಯವನಾಗಿ ಬಂದ, ತನ್ನ ಹಳೆಯ ಹೆಸರನ್ನೇ ನೆನಪು ಮಾಡಿಕೊಳ್ಳಬೇಕಾದವನಾಗಿ ಬಂದ. ಅಷ್ಟಾದರೂ ಆ ವಾಪಸಾತಿಯನ್ನು ತೋರಿಸಿದ ರೀತಿಯಲ್ಲಿ ದೋಷ ಇದೆ ಅಂತ ಟೋಲ್ಕಿನ್ನೇ ಒಂದು ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ನಿದ್ದೆ ಬಂತು ಅನ್ನೋ ಪಾಪಪ್ರಜ್ಞೆಗೆ ದೋಣಿಗಾರನನ್ನು ಬದುಕಿಸಲು ಹೋಗಬೇಡ. ಇದೊಂದು ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳುತ್ತಿದ್ದೇನೆ. ಬೇಜಾರಾಗಬೇಡ.

ಈಗ ಆ ರಾತ್ರಿಗೆ ಬರುತ್ತೇನೆ. ನಾನು ಅತ್ತ ರಾತ್ರಿ.

ಆ ವಾರ ಮನೆಯಲ್ಲಿ ಏನು ನಡೆದಿತ್ತು ಅಂತ ನಿನಗೆ ಗೊತ್ತು, ಬರೆಯುವುದಿಲ್ಲ. ನಿನ್ನಮ್ಮ ಒಬ್ಬಳೇ ಓಡಾಡಿದಳು. ಕಂತು ಕಳಿಸಬೇಕು ಅಂತ ನಾನು ಬಾಗಿಲು ಹಾಕಿಕೊಂಡು ಕೂತಿದ್ದೆ. ಹರಿದ ಕಿವಿಯವನಿಗಾಗಿ ಬೆಳಗಿನ ಜಾವದವರೆಗೂ ಅತ್ತೆ. ಎರಡು ದಿನ ಬಿಟ್ಟು ನಿಜವಾದ ಸುದ್ದಿ ಬಂದಾಗ ನನ್ನ ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಬಂದವರಿಗೆ ಚಾಪೆ ಹಾಸಿದೆ, ನೀರು ಕೊಟ್ಟೆ, ಚಪ್ಪಲಿಗಳನ್ನು ಸಾಲಾಗಿ ಜೋಡಿಸಿದೆ. ಏನೂ ಅನ್ನಿಸಲಿಲ್ಲ. ನಾನು ಎಂಥವಳು ಅಂತ ಕೇಳಿಕೊಂಡೆ. ನಿನ್ನದೇ ಮಾತು, ಅಕ್ಷರ ಅಕ್ಷರ ಅದೇ. ಅದಕ್ಕೇ ನಿನ್ನ ಕೊನೆಯ ಪುಟ ಕೈಯಲ್ಲಿ ಹಿಡಿದು ಅಷ್ಟು ಹೊತ್ತು ಕೂತಿದ್ದು.

ಉತ್ತರ ಸಿಕ್ಕಿತಾ ಅಂದರೆ, ಇಲ್ಲ. ಅಳು ಅದಕ್ಕೆ ಬೇಕಾದ ಬಾಗಿಲಿನಿಂದ ಬರುತ್ತದೆ, ನಾವು ತೆಗೆದಿಟ್ಟ ಬಾಗಿಲಿನಿಂದ ಅಲ್ಲ. ನನಗೆ ತಿಳಿದದ್ದು ಅಷ್ಟೇ. ನೀನು ಅಳಲಿಲ್ಲ ಅಂತ ನಿನಗೆ ಭಯ. ಅಲ್ಲಿ ಅತ್ತೆ ಅಂತ ನನಗೆ ಇವತ್ತಿಗೂ ನಾಚಿಕೆ. ಇಬ್ಬರಲ್ಲಿ ಆರಿಸು ಅಂದರೆ ನಿನ್ನ ನಿದ್ದೆಯನ್ನೇ ಆರಿಸಿಕೊಳ್ಳುತ್ತಿದ್ದೆ.

ಈಚೆಗೆ ಭಾರತವನ್ನು ಮತ್ತೆ ಓದುತ್ತಿದ್ದೇನೆ, ಕಣ್ಣು ಬಿಟ್ಟಷ್ಟು. ಮುಖ್ಯ ಪಾತ್ರಗಳನ್ನು ಸಾಯಿಸುವುದು ಹೇಗೆ ಅಂತ ಅದಕ್ಕಿಂತ ಚೆನ್ನಾಗಿ ಬೇರೆ ಯಾರು ಕಲಿಸುತ್ತಾರೆ ಹೇಳು. ಹತ್ತನೇ ದಿನ ಭೀಷ್ಮ ಬೀಳುತ್ತಾನೆ. ಬೀಳುತ್ತಾನೆ, ಸಾಯುವುದಿಲ್ಲ. ಅವನು ಬಿದ್ದ ಮೇಲೆಯೇ ಕರ್ಣ ಯುದ್ಧಕ್ಕೆ ಇಳಿಯುವುದು, ಅಲ್ಲಿಯವರೆಗೂ ಇಳಿಯಲ್ಲ ಅಂತ ಶಪಥ ಮಾಡಿದ್ದ. ಒಬ್ಬ ಮಲಗಿದರೆ ಇನ್ನೊಬ್ಬನಿಗೆ ಜಾಗ. ಹದಿನೈದನೇ ದಿನ ದ್ರೋಣನ ಸರದಿ. ಅವನಿಗೆ ಆಯುಧ ಕೆಳಗಿಡಿಸಲು ಧರ್ಮರಾಯ ಒಂದು ಅರ್ಧ ಸುಳ್ಳು ಹೇಳಬೇಕಾಯಿತು. ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೇ ಓಡುತ್ತಿದ್ದ ಅವನ ರಥ ಆಗ ನೆಲಕ್ಕೆ ತಾಗಿತು. ಸತ್ತವನು ದ್ರೋಣ, ಗುರುತು ಬಿದ್ದದ್ದು ಧರ್ಮರಾಯನ ಚಕ್ರಕ್ಕೆ. ನಾನು ಕುದುರೆಯನ್ನು ಮರೆತ ಜಾಗದಲ್ಲಿ ವ್ಯಾಸರು ಚಕ್ರವನ್ನು ನೋಡಿದ್ದಾರೆ.

ಮತ್ತೆ ನಮ್ಮ ಪಂಪ. 941ರಲ್ಲಿ ಅರ್ಜುನನನ್ನು ನಾಯಕನನ್ನಾಗಿ ಮಾಡಿಕೊಂಡು, ತನ್ನ ರಾಜನನ್ನೂ ಅವನಲ್ಲೇ ಸೇರಿಸಿ ಹೊಗಳಲು ಹೊರಟವನು. ಕರ್ಣ ಬಿದ್ದಾಗ ಮಾತ್ರ, ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆ ಅಂದುಬಿಟ್ಟ. ಬರೆಯುವಾಗ ಅವನು ಅತ್ತನಾ? ಯಾರಿಗೆ ಗೊತ್ತು. ಸಾವಿರ ವರ್ಷದಿಂದ ನಾವು ಮಾತ್ರ ಅಳುತ್ತಿದ್ದೇವೆ. ಅವನೂ ಅವತ್ತು ಊಟ ಮಾಡಿ ಮಲಗಿರಬಹುದು.

ಸಲಹೆ ಕೇಳಿದ್ದೀಯ. ನನ್ನ ಹತ್ತಿರ ಇರುವುದು ಸ್ವಲ್ಪ, ಅದೂ ಚೂರುಚೂರು. 31ನೇ ಅಧ್ಯಾಯವನ್ನು ಒಂದು ತಿಂಗಳು ಮುಟ್ಟಬೇಡ. ದುಃಖ ತುಂಬುತ್ತೇನೆ ಅಂತ ಹೋದರೆ ದೋಣಿಗಾರ ಸಾಯುವ ಮುಂಚೆ ಭಾಷಣ ಮಾಡಲು ಶುರು ಮಾಡುತ್ತಾನೆ. ನನ್ನ ಕಾವಲುಗಾರ ಒಂದೂವರೆ ಪುಟ ಮಾತಾಡಿ ಸತ್ತ. ಆಮೇಲೆ, ಅವನಿಗೆ ಇನ್ನು ಕೆಲಸ ಇಲ್ಲ ಅಂತ ಸಾಯಿಸಿದೆಯಾ ಅಂತ ನಿನ್ನನ್ನೇ ಕೇಳಿಕೋ. ಹಾಗಿದ್ದರೆ ನಿದ್ದೆ ಬಂದದ್ದಕ್ಕೆ ಕಾರಣ ಅದೇ, ನಿನ್ನ ಮನಸ್ಸು ಕಲ್ಲಾಗಿದೆ ಅಂತಲ್ಲ. ಕೆಲಸ ಇರುವವನು ಹೋದಾಗಲೇ ಉಳಿದವರ ಕೈ ಕಟ್ಟಿಹೋಗುವುದು. ಮಾರ್ಟಿನ್ 1996ರ ಮೊದಲ ಸಂಪುಟದಲ್ಲೇ ನೆಡ್ ಸ್ಟಾರ್ಕ್‌ನ ತಲೆ ತೆಗೆಸಿದ್ದು ಅದಕ್ಕೇ. ಅವನೇ ನಾಯಕ ಅಂದುಕೊಂಡು ಅಲ್ಲಿಯವರೆಗೆ ಓದಿರುತ್ತೇವೆ. ಅವನು ಹೋದ ಮೇಲೆ ಮಕ್ಕಳು ದಿಕ್ಕಾಪಾಲು, ಮುಂದಿನ ಕಥೆಯೆಲ್ಲ ಆ ದಿಕ್ಕಾಪಾಲು. ನೀನು ಅವನ ಹಾಗೆ ಬರೆಯಬೇಕು ಅಂತಲ್ಲ, ಸುಮ್ನೆ ಹೇಳಿದೆ.

ಇನ್ನೊಂದು, ಇದು ಸಲಹೆ ಅಲ್ಲ, ಮುದುಕಿಯ ಮಾತು. ರಾಬರ್ಟ್ ಜೋರ್ಡನ್ ತನ್ನ ಕಾಲಚಕ್ರದ ಸರಣಿಯ ಐದನೇ ಸಂಪುಟದಲ್ಲಿ, 1993ರಲ್ಲಿ, ಮೊರೇನ್ ಎಂಬವಳನ್ನು ಒಂದು ಬಾಗಿಲಿನಾಚೆ ಬೀಳಿಸಿದ. ಎಲ್ಲರೂ ಸತ್ತಳು ಅಂದುಕೊಂಡರು. ಅವಳನ್ನು ಬಿಡಿಸಿ ತರುವ ಸಂಪುಟ ಬಂದದ್ದು 2010ಕ್ಕೆ. ಅಷ್ಟರಲ್ಲಿ ಜೋರ್ಡನ್‌ನೇ ಇರಲಿಲ್ಲ, 2007ರಲ್ಲಿ ತೀರಿಕೊಂಡಿದ್ದ. ಅವನ ಟಿಪ್ಪಣಿ ಇಟ್ಟುಕೊಂಡು ಬೇರೆಯವರು ಬರೆದು ಮುಗಿಸಿದರು. ನೀನು ಟಿಪ್ಪಣಿ ಬರೆದಿಡುತ್ತೀಯ ತಾನೇ? ನಿನಗೆ ಇನ್ನೂ ಅಷ್ಟು ವಯಸ್ಸಾಗಿಲ್ಲ, ಆದರೂ.

ನಿನ್ನಮ್ಮನಿಗೆ ಈ ಪತ್ರ ತೋರಿಸಬೇಡ. ಆ ಚಪ್ಪಲಿ ಜೋಡಿಸಿದ್ದನ್ನು ಅವಳು ನೋಡಿದ್ದಳು, ಏನೂ ಅನ್ನಲಿಲ್ಲ. ಅಥವಾ ತೋರಿಸು. ನಿನಗೆ ಹೇಗನ್ನಿಸುತ್ತದೋ ಹಾಗೆ ಮಾಡು.

32ನೇ ಅಧ್ಯಾಯ ಬರೆದಾಗ ಕಳಿಸು, ಅಕ್ಷರ ಸ್ವಲ್ಪ ದೊಡ್ಡದಿರಲಿ. ದೋಣಿಗಾರ ಸತ್ತ ಮರುದಿನ ನಿನ್ನ ಕಥೆಯ ಆ ಹುಡುಗಿ ಹೊಳೆ ದಾಟಲೇಬೇಕಲ್ಲ, ಹುಟ್ಟು ಹಾಕುವವರು ಯಾರು? ದೋಣಿ ಹತ್ತುವ ಮುಂಚೆ ಅವಳು ನೀರು ಮುಟ್ಟುತ್ತಾಳಾ? ಅದನ್ನು ಬರೆಯುವಾಗಲೂ ನಿನಗೆ ಏನೂ ಅನ್ನಿಸದಿದ್ದರೆ ಫೋನ್ ಮಾಡು. ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ, ನಾನು ಎದ್ದೇ ಇರುತ್ತೇನೆ.

ಇಂತಿ ನಿನ್ನ,
ದೊಡ್ಡಮ್ಮ