ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ: ಹನ್ನೊಂದು ಹೆಸರಿನ ಮುಂದೆ ‘ಲಭ್ಯ’ ಎಂದು ಬರೆದೆ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರ. ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಹದಿನೇಳು ವರ್ಷದಿಂದ ಕೆಲಸ ಮಾಡುತ್ತಿರುವ ನರ್ಸ್ ನಾನು. ಕಾಗದದಲ್ಲಿ ಈಗ ನಮ್ಮನ್ನು ಶುಶ್ರೂಷಾಧಿಕಾರಿ ಎನ್ನುತ್ತಾರೆ. ವಾರ್ಡಿನಲ್ಲಿ ಎಲ್ಲರಿಗೂ ಸಿಸ್ಟರ್.

2025ರ ಮೇ ತಿಂಗಳಲ್ಲಿ ಕೋವಿಡ್ ಪ್ರಕರಣಗಳು ಮತ್ತೆ ಅಲ್ಲಲ್ಲಿ ಕಾಣಿಸಿಕೊಂಡಾಗ ನಮ್ಮಲ್ಲೂ ಸಿದ್ಧತೆಯ ಪಟ್ಟಿ ತುಂಬಿಸಿದರು. ಹಾಸಿಗೆ ಎಷ್ಟು, ಸಿಲಿಂಡರ್ ಎಷ್ಟು, ವೆಂಟಿಲೇಟರ್‌ಗಳಲ್ಲಿ ನಡೆಯುತ್ತಿರುವುದೆಷ್ಟು, ಕೆಟ್ಟು ನಿಂತಿರುವುದೆಷ್ಟು. ಕೊನೆಯಲ್ಲಿ ಸಿಬ್ಬಂದಿ. ನಮ್ಮ ಐಸಿಯುನ ಹನ್ನೊಂದು ಜನರ ಹೆಸರಿನ ಮುಂದೆ ‘ಲಭ್ಯ’ ಎಂದು ಬರೆದು ಸಹಿ ಹಾಕಿದೆ. ಆ ಹನ್ನೊಂದರಲ್ಲಿ ಇಬ್ಬರು ಮಾತ್ರೆ ಇಲ್ಲದೆ ನಿದ್ದೆ ಮಾಡುವುದಿಲ್ಲ ಎಂದು ನನಗೆ ಗೊತ್ತು. ಒಬ್ಬಳು ಮಾನಿಟರ್ ಬೀಪ್ ಶುರುವಾದರೆ ಏನಾದರೂ ನೆಪ ಹೇಳಿ ಸ್ಟೋರ್ ರೂಮಿಗೆ ಹೋಗಿ ನಿಲ್ಲುತ್ತಾಳೆ. ಹನ್ನೊಂದನೆಯ ಹೆಸರು ನನ್ನದು. ಇದನ್ನೆಲ್ಲ ಬರೆಯಲು ಪಟ್ಟಿಯಲ್ಲಿ ಜಾಗವಿರಲಿಲ್ಲ. ಬರೆಯಬೇಕಿತ್ತು ಎಂದು ಆ ರಾತ್ರಿಯಿಡೀ ಅನ್ನಿಸಿತು. ಕೋವಿಡ್ ನಮ್ಮ ಮನಸ್ಸಿಗೆ ಮಾಡಿದ ಗಾಯದ ಬಗ್ಗೆ ಈಗ ನಿಮಗೆ ಬರೆಯುತ್ತಿದ್ದೇನೆ.

2021ರ ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಪ್ರಕರಣಗಳು ಬಂದಿದ್ದವು, ಅದರಲ್ಲಿ 23 ಸಾವಿರಕ್ಕೂ ಹೆಚ್ಚು ಬೆಂಗಳೂರಿನವೇ. ಅದಕ್ಕೆ ಎರಡು ದಿನ ಹಿಂದಷ್ಟೇ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ನಡುವೆ 24 ಜನ ತೀರಿಕೊಂಡ ಸುದ್ದಿ ಬಂದಿತ್ತು. ಅಲ್ಲಿಂದ ಮುಂದೆ ನಾವು ರೋಗಿಯ ಮುಖಕ್ಕಿಂತ ಆಕ್ಸಿಜನ್ ಪ್ರೆಷರ್ ತೋರಿಸುವ ಮುಳ್ಳನ್ನೇ ಹೆಚ್ಚು ನೋಡುತ್ತಿದ್ದೆವು. ಐಸಿಯುನಲ್ಲಿ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕು ಎಂದು ಓದಿಕೊಂಡು ಬಂದವಳು ನಾನು. ಆ ದಿನಗಳಲ್ಲಿ ನನ್ನ ಪಾಲಿಗೆ ಏಳು ಜನ, ಕೆಲವು ರಾತ್ರಿ ಒಂಬತ್ತು.

ಒಬ್ಬ ಹಿರಿಯರಿದ್ದರು, ಹದಿನಾಲ್ಕನೇ ಬೆಡ್. ದಿನಾ ಬೆಳಿಗ್ಗೆ ಏಳಕ್ಕೆ ಗೇಟಿಗೆ ಅವರ ಸೊಸೆ ಸ್ಟೀಲ್ ಫ್ಲಾಸ್ಕ್‌ನಲ್ಲಿ ರಾಗಿ ಗಂಜಿ ತಂದುಕೊಡುತ್ತಿದ್ದರು. ಫ್ಲಾಸ್ಕ್ ಮೇಲೆ ಪ್ಲಾಸ್ಟರ್ ಅಂಟಿಸಿ ಹೆಸರು, ಬೆಡ್ ನಂಬರ್ ಬರೆದಿರುತ್ತಿತ್ತು. ಒಂದು ದಿನ ಬೆಳಗಿನ ಜಾವ ನಾಲ್ಕೂವರೆಗೆ ಅವರು ಹೋದರು. ಮನೆಗೆ ಫೋನ್ ಹಚ್ಚಿದರೆ ಯಾರೂ ಎತ್ತಲಿಲ್ಲ, ಪಾಪ, ಮಲಗಿದ್ದಿರಬೇಕು. ಪಕ್ಕದ ಬೆಡ್‌ನಲ್ಲಿ ಇನ್ನೊಬ್ಬರ ರಕ್ತದ ಆಕ್ಸಿಜನ್ ಮಟ್ಟ ಬೀಳುತ್ತಿತ್ತು, ನಾನು ಅತ್ತ ಹೋದೆ. ಏಳಕ್ಕೆ ಫ್ಲಾಸ್ಕ್ ಬಂತು. ಎರಡು ಪದರ ಗ್ಲೌಸ್ ದಾಟಿ ಅದರ ಬಿಸಿ ನನ್ನ ಅಂಗೈಗೆ ತಾಗಿತು. ಕೆಳಗೆ ಗೇಟಿನಲ್ಲಿ ನಿಂತಿದ್ದ ಆ ಹೆಣ್ಣುಮಗಳಿಗೆ ನಾನೇ ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ಪಿಪಿಇ ಕಿಟ್ ಬಿಚ್ಚಿದರೆ ಇನ್ನೊಂದು ಸಿಗುವುದಿಲ್ಲ ಎಂಬ ಕಾರಣವಿತ್ತು, ನಿಜವಾದ ಕಾರಣವೇ. ಸೆಕ್ಯೂರಿಟಿಯವರ ಕೈಲಿ ಹೇಳಿಸಿದೆ. ಫ್ಲಾಸ್ಕನ್ನು ನಮ್ಮ ಗ್ರೂಪ್ ಡಿ ಅಕ್ಕ ತೊಳೆದು ಬೀರುವಿನಲ್ಲಿಟ್ಟರು. ಅದನ್ನು ಕೇಳಿಕೊಂಡು ಯಾರೂ ಬರಲಿಲ್ಲ.

ಸಾರ್, ನಿದ್ದೆ ಬಾರದಿದ್ದರೆ ಮಾತ್ರೆ ಇದೆ. ಸೆಕ್ಯೂರಿಟಿಯವರ ಕೈಲಿ ಹೇಳಿಸಿದ್ದಕ್ಕೆ ಮಾತ್ರೆ ಇಲ್ಲ. ನಮ್ಮನ್ನು ಕಾಡುತ್ತಿರುವುದು ದಣಿವು ಎಂದು ಎಲ್ಲರೂ ತಿಳಿದಿದ್ದಾರೆ, ಯೋಗದ ಶಿಬಿರ ಇಡುತ್ತಾರೆ. ದಣಿವು ಆಗಲೇ ಹೋಯಿತು. ಉಳಿದಿರುವುದು ತಪ್ಪು ಮಾಡಿದೆವು ಎಂಬ ಭಾವನೆ. ಇಬ್ಬರಿಗೆ ಒಂದೇ ಮಷಿನ್ ಇದ್ದಾಗ ಡಾಕ್ಟರ್ ತೀರ್ಮಾನ ಹೇಳುತ್ತಾರೆ, ಕೈಯಿಂದ ಬಿಚ್ಚಿ ಇನ್ನೊಬ್ಬರಿಗೆ ಹಾಕುವವಳು ನರ್ಸ್. ಒಮ್ಮೆ ಹಾಗೆ ತೀರ್ಮಾನ ಹೇಳಿದ, ಇನ್ನೂ ಪಿಜಿ ಓದುತ್ತಿದ್ದ ಡಾಕ್ಟರ್ ಹುಡುಗನಿಗೆ ಇಪ್ಪತ್ತಾರು ವರ್ಷ. ಪಿಪಿಇ ಕಿಟ್ ಬಿಚ್ಚುವ ಡಾಫಿಂಗ್ ರೂಮಿನಲ್ಲಿ ಗೋಡೆಗೆ ಹಣೆ ಒತ್ತಿ ನಿಂತಿದ್ದ ಅವನನ್ನು ನೋಡಿಯೂ ನಾನು ಮಾತಾಡಿಸಲಿಲ್ಲ. ಮಾತಾಡಿಸಿದ್ದರೆ ನಾನೂ ಕುಸಿಯುತ್ತಿದ್ದೆ.

ಸರ್ಕಾರ ಏನೂ ಮಾಡಲಿಲ್ಲ ಎಂದು ಹೇಳುತ್ತಿಲ್ಲ. 2020ರ ಮಾರ್ಚ್ 22ರಂದು ಊರಿನಲ್ಲಿ ನಮ್ಮಮ್ಮ ನನ್ನ ಹೆಸರು ಹೇಳಿಕೊಂಡು ತಟ್ಟೆ ಬಡಿದರಂತೆ, ಆ ಮಾತು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಮೇ 3ರಂದು ವಾಯುಪಡೆಯ ಹೆಲಿಕಾಪ್ಟರ್ ವಿಕ್ಟೋರಿಯಾ ಆಸ್ಪತ್ರೆಯ ಮೇಲೆ ಹೂವು ಸುರಿಯಿತು. ಆಶಾ ಕಾರ್ಯಕರ್ತೆಯರ ಮೇಲೆ ಇದೇ ಬೆಂಗಳೂರಿನಲ್ಲಿ ಹಲ್ಲೆ ನಡೆದ ಆ ಏಪ್ರಿಲ್‌ನಲ್ಲೇ ಕೇಂದ್ರದ ಸುಗ್ರೀವಾಜ್ಞೆ ಬಂತು, ನಮ್ಮ ಮೈಮೇಲೆ ಕೈ ಮಾಡಿ ತೀವ್ರ ಗಾಯ ಮಾಡಿದವರಿಗೆ ಏಳು ವರ್ಷದವರೆಗೆ ಶಿಕ್ಷೆ ಎಂದಾಯಿತು. ಸತ್ತರೆ ಕುಟುಂಬಕ್ಕೆ 50 ಲಕ್ಷ ರೂಪಾಯಿ ವಿಮೆಯೂ ಇತ್ತು. ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ ಕುನ್ಹಾ ಆಯೋಗ ಕೋವಿಡ್ ಕಾಲದ ಖರೀದಿಗಳನ್ನು ಪರಿಶೀಲಿಸಿ 2024ರಲ್ಲಿ ನಿಮ್ಮ ಸರ್ಕಾರಕ್ಕೆ ವರದಿ ಕೊಟ್ಟಿತು. ಆ ಲೆಕ್ಕ ಆಗಲೇಬೇಕು. ಆದರೆ ಪಿಪಿಇ ಕಿಟ್‌ನ ಲೆಕ್ಕ ಕೇಳಿದ ಹಾಗೆ, ಅದರೊಳಗೆ ಇದ್ದವರು ಈಗ ಹೇಗಿದ್ದಾರೆ ಎಂದು ಇಲ್ಲಿಯವರೆಗೆ ನನ್ನನ್ನಾಗಲಿ ನನ್ನ ಜೊತೆಯವರನ್ನಾಗಲಿ ಯಾರೂ ಕೇಳಿಲ್ಲ.

ಸಹಾಯವಾಣಿ ಇದೆಯಲ್ಲ ಎನ್ನುತ್ತೀರಿ. ಇದೆ, ಒಳ್ಳೆಯದೇ. 2022ರ ಅಕ್ಟೋಬರ್ 10ರಂದು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ ಶುರುವಾದದ್ದು ನಮ್ಮ ಬೆಂಗಳೂರಿನಿಂದಲೇ. 14416ಕ್ಕೆ ಕರೆ ಮಾಡಿದರೆ ಯಾವ ಹೊತ್ತಿನಲ್ಲೂ ಕನ್ನಡದಲ್ಲಿ ಮಾತಾಡುತ್ತಾರೆ. ನಾನೂ ಮಾಡಿದ್ದೇನೆ. ಆದರೆ ಎಲ್ಲಿಂದ ಮಾಡಲಿ? ಡ್ಯೂಟಿ ರೂಮಿನಲ್ಲಿ ಆರು ಜನ. ಮನೆಯಲ್ಲಿ ಅತ್ತೆ, ಮಾವ, ಮಕ್ಕಳು, ಒಂದೂವರೆ ಕೋಣೆ. ಕೊನೆಗೆ ಬಿಎಂಟಿಸಿ ಬಸ್ಸಿಳಿದು ಮನೆಗೆ ನಡೆಯುವ ದಾರಿಯಲ್ಲಿ ಕರೆ ಮಾಡಿದೆ. ಆ ಕಡೆಯ ಹೆಣ್ಣುಮಗಳು ಸಮಾಧಾನವಾಗಿ ಕೇಳಿಸಿಕೊಂಡಳು. ಮನೆ ಬಾಗಿಲು ಬಂತು, ಇಟ್ಟುಬಿಟ್ಟೆ.

ನೇರವಾಗಿ ಮನೋವೈದ್ಯರ ಹತ್ತಿರ ಹೋಗಬಹುದಿತ್ತು. ನಮ್ಮ ಆಸ್ಪತ್ರೆಯಲ್ಲೇ ಒಪಿಡಿ ಇದೆ. ಅಲ್ಲಿ ಚೀಟಿ ಬರೆಯುವವರಿಂದ ಹಿಡಿದು ಔಷಧ ಕೊಡುವವರ ತನಕ ಎಲ್ಲರಿಗೂ ನನ್ನ ಮುಖ ಗೊತ್ತು. ರೋಗಿಯ ಮಾಹಿತಿ ಗೋಪ್ಯವಾಗಿರಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ, ಸರಿ. ರಜೆ ಅರ್ಜಿಗೆ ಲಗತ್ತಿಸಿದ ಸರ್ಟಿಫಿಕೇಟ್ ಮೂರು ಮೇಜು ದಾಟುವುದರೊಳಗೆ ಕ್ಯಾಂಟೀನಿನಲ್ಲಿ ಸುದ್ದಿ. ನಾನು ಕಾಯಂ ನೌಕರಳು, ನನಗೇ ಇಷ್ಟು ಭಯ. ವರ್ಷ ವರ್ಷ ಗುತ್ತಿಗೆ ನವೀಕರಿಸಿಕೊಳ್ಳುವ ಹುಡುಗಿಯರು ಬಾಯಿ ಬಿಡುತ್ತಾರೆಯೇ? ಎರಡನೇ ಅಲೆಯಲ್ಲಿ ಕೆಲವೇ ತಿಂಗಳ ಮಟ್ಟಿಗೆ ಬಂದು, ನಮ್ಮ ಜೊತೆ ಹೆಣ ಕಟ್ಟಿ, ಅವಧಿ ಮುಗಿಯಿತೆಂದು ಹೋದವರಂತೂ ಯಾವ ರಿಜಿಸ್ಟರಿನಲ್ಲೂ ಇಲ್ಲ. ಗಂಟೆಗಟ್ಟಲೆ ಸುಮನಹಳ್ಳಿ, ಪೀಣ್ಯದ ಚಿತಾಗಾರಗಳ ಮುಂದೆ ಸಾಲು ನಿಂತ ಆಂಬುಲೆನ್ಸ್ ಚಾಲಕರು, ಒಳಗೆ ದುಡಿದವರು, ಮನೆ ಮನೆ ತಿರುಗಿದ ಆಶಾ ಅಕ್ಕಂದಿರು, ಇವರನ್ನು ಆರೋಗ್ಯ ಸಿಬ್ಬಂದಿ ಎಂದು ಒಪ್ಪುವುದಕ್ಕೇ ಇನ್ನೂ ಜಗಳ.

ಹಾಗಾಗಿ ನಿಮ್ಮಲ್ಲಿ ಕೇಳುವುದು ಒಂದೇ. ನಾವಾಗಿ ಬರಲಿ ಎಂದು ಕಾಯಬೇಡಿ, ನೀವೇ ಬನ್ನಿ. ನಮ್ಮ ರಾಜ್ಯಕ್ಕೆ ಇದು ಹೊಸದಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಿಮ್ಹಾನ್ಸ್‌ನವರು ಬಳ್ಳಾರಿಯಲ್ಲಿ ಮಾಡಿದ ಕೆಲಸ. ರೋಗಿ ನಗರಕ್ಕೆ ಬರಲಾರ ಎಂದು ಮನೋವೈದ್ಯರೇ ತಾಲ್ಲೂಕಿಗೆ ಹೋಗುವ ಮನೋಚೈತನ್ಯ ಕಾರ್ಯಕ್ರಮ ಮಂಗಳವಾರಗಳಂದು ನಡೆಯುತ್ತದೆ. ಹಾಗೆಯೇ ತಿಂಗಳಿಗೆ ಒಂದು ದಿನ ಹೊರಗಿನ ಆಸ್ಪತ್ರೆಯ ಆಪ್ತಸಮಾಲೋಚಕರು ನಮ್ಮಲ್ಲಿಗೆ ಬರಲಿ. ಡ್ಯೂಟಿಯ ಸಮಯದಲ್ಲೇ, ಕಾಯಂ, ಗುತ್ತಿಗೆ, ಗ್ರೂಪ್ ಡಿ ಎನ್ನದೆ ಎಲ್ಲರನ್ನೂ ಸರದಿಯಲ್ಲಿ ಕೂರಿಸಲಿ. ಎಲ್ಲರೂ ಹೋಗಲೇಬೇಕು ಎಂದಾದರೆ ಯಾರು ಯಾಕೆ ಹೋದರು ಎಂದು ಆಡಿಕೊಳ್ಳಲು ಏನೂ ಇರುವುದಿಲ್ಲ. ಒಳಗೆ ಹೋಗಿ ಸುಮ್ಮನೆ ಕೂತು ಬರುವವರು ಬರಲಿ. ಅಲ್ಲಿ ಆಡಿದ ಮಾತು ಯಾವ ಫೈಲಿಗೂ ಹೋಗಬಾರದು. ರಜೆ ಬೇಕಾದವರಿಗೆ ‘ವಿಶ್ರಾಂತಿ ಅಗತ್ಯ’ ಎಂಬ ಎರಡು ಪದದ ಚೀಟಿ ಸಾಕು, ಕಾಯಿಲೆಯ ಹೆಸರು ಬೇಡ. ಗುತ್ತಿಗೆಯವರ ಸಂಬಳ ಆ ರಜೆಗೆ ಕಡಿತವಾಗಬಾರದು.

ಇದು ಬರೀ ನಿಮ್ಮ ಇಲಾಖೆಯಿಂದ ಆಗುವುದಿಲ್ಲ ಎಂದೂ ಗೊತ್ತು. ಕೆ.ಸಿ. ಜನರಲ್, ಜಯನಗರ ಜನರಲ್ ಆಸ್ಪತ್ರೆಗಳು ನಿಮ್ಮ ಕೆಳಗೆ, ವಿಕ್ಟೋರಿಯಾ, ಬೌರಿಂಗ್ ವೈದ್ಯಕೀಯ ಶಿಕ್ಷಣದ ಕೆಳಗೆ, ನಗರದ ಆರೋಗ್ಯ ಕೇಂದ್ರಗಳೆಷ್ಟೋ ಪಾಲಿಕೆಯವು. ಕೋವಿಡ್ ಬಂದಾಗ ಎಲ್ಲರನ್ನೂ ವಾರ್ ರೂಮಿಗೆ ಕಟ್ಟಿ ಒಟ್ಟಿಗೆ ದುಡಿಸಿದರು. ಇದಕ್ಕೂ ಹಾಗೆಯೇ ಒಂದೇ ಆದೇಶ ಹೊರಡಿಸಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ ಆಗದಿರಲಿ, ಜಾರಿಯಾಗಿದೆಯೇ ಎಂದು ನಮ್ಮನ್ನೇ ಕೇಳುವ ದಾರಿಯೂ ಆ ಆದೇಶದಲ್ಲಿರಲಿ.

ನನ್ನ ಹೆಸರು ಹಾಕಿಲ್ಲ. ಯಾಕೆಂದು ಮೇಲೆ ಓದಿದ್ದೀರಿ. ಬರೆದವಳು ಯಾರೆಂದು ದಯವಿಟ್ಟು ಹುಡುಕಿಸಬೇಡಿ. ಒಂದು ರಾತ್ರಿ ಎಂಟು ಗಂಟೆಗೆ, ಒಂದು ಪಾಳಿಯವರು ಇನ್ನೊಂದು ಪಾಳಿಗೆ ಕೆಲಸ ಒಪ್ಪಿಸಿ ಮುಗಿಯುವ ಹೊತ್ತಿಗೆ, ಮೊದಲೇ ತಿಳಿಸದೆ, ಜೊತೆಗೆ ಯಾರನ್ನೂ ಕರೆದುಕೊಳ್ಳದೆ ಈ ಊರಿನ ಯಾವುದಾದರೂ ಐಸಿಯುಗೆ ಬನ್ನಿ. ಅಲ್ಲಿ ಎಲ್ಲರಿಗಿಂತ ಹಿರಿಯ ಸಿಸ್ಟರ್ ಯಾರು ಎಂದು ಕೇಳಿ, ಅವರನ್ನು ಕೂರಿಸಿಕೊಂಡು 2021ರ ಮೇ ತಿಂಗಳ ಬಗ್ಗೆ ಕೇಳಿ.

ಇಂತಿ,
ಬೆಂಗಳೂರಿನ ಒಬ್ಬ ಶುಶ್ರೂಷಾಧಿಕಾರಿ