ಅಜ್ಜಿಗೆ ಅರ್ಥವಾಗುವ ಹಾಗೆ ಹೇಳುವುದಕ್ಕೂ ಮಾರ್ಕ್ಸ್ ಕೊಡಿ: ವೈದ್ಯಕೀಯ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಸನ್ಮಾನ್ಯ ಸಚಿವರೇ,

ನಮಸ್ಕಾರ. ನಾನು ಒಂದು ತಾಲ್ಲೂಕು ಆಸ್ಪತ್ರೆಯ ಎದುರು ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದೇನೆ. ಡಾಕ್ಟರ್ ಬರೆದ ಚೀಟಿ ಹಿಡಿದು ಬಂದವರು ನನ್ನನ್ನು ಮೊದಲು ಕೇಳುವುದು ರೇಟಲ್ಲ. "ನಂಗೇನಾಗಿದೆಯಂತೆ?" ಅಂತ.

ಹೋದ ತಿಂಗಳು ಒಬ್ಬ ಅಜ್ಜಿ ಬಂದರು. ಹದಿನೈದು ದಿನದ ಬಿ.ಪಿ. ಮಾತ್ರೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಗೇ ಉಳಿದಿತ್ತು. ಯಾಕಮ್ಮ ಅಂದರೆ ಚೀಟಿ ಮೇಲಿನ 1-0-1ರ ಮೇಲೆ ಬೆರಳಿಟ್ಟರು. "ಒಂದಿನ ಒಂದು, ಮಾರನೇ ದಿನ ಬೇಡ, ಆಮೇಲೆ ಒಂದು. ಹಂಗೇ ಬರ್ದವ್ರಲ್ಲಪ್ಪ!" ಬೆಳಿಗ್ಗೆ ಒಂದು, ರಾತ್ರಿ ಒಂದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. "ಮನೆಗೆ ಹೋಗಿ ಹೇಗೆ ತಗೋತೀರಿ, ಒಂದ್ಸಲ ಹೇಳಿ ನೋಡೋಣ" ಅಂತ ಕೇಳಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಹಾಗಂತ ಡಾಕ್ಟರನ್ನು ದೂರುತ್ತಿಲ್ಲ. ಹೊರಗಿನ ಕ್ಯೂ ನಾನೂ ನೋಡುತ್ತೇನೆ.

ಇನ್ನೊಂದು ವಿಷಯ. ಔಷಧ ಕಂಪನಿಯ ರೆಪ್‌ಗಳು ತರುವ ನುಣುಪು ಕಾಗದದ ಮೇಲೆ "ಹಾರ್ಟ್ ಅಟ್ಯಾಕ್ ಶೇ. 50ರಷ್ಟು ಕಡಿಮೆ" ಅಂತ ದಪ್ಪಕ್ಷರದಲ್ಲಿ ಇರುತ್ತದೆ ಅಂದುಕೊಳ್ಳಿ. 100 ಜನರಲ್ಲಿ 20 ಜನಕ್ಕೆ ಆಗುತ್ತಿದ್ದದ್ದು 10ಕ್ಕೆ ಇಳಿದರೂ ಅದು ಶೇ. 50. ಇಬ್ಬರಿಗೆ ಆಗುತ್ತಿದ್ದದ್ದು ಒಬ್ಬರಿಗೆ ಇಳಿದರೂ ಶೇ. 50. ಮೊದಲನೆಯದರಲ್ಲಿ ಹತ್ತು ಜನ ಉಳಿದರು, ಎರಡನೆಯದರಲ್ಲಿ ಒಬ್ಬರು. ನನ್ನ ಮುಂದೆ ನಿಂತ ಕೂಲಿಯವರು ಯಾವ ಗುಂಪಿನವರು? ದಿನದ ಸಂಬಳ ಮುರಿದು ವರ್ಷಗಟ್ಟಲೆ ಮಾತ್ರೆ ಕೊಳ್ಳಬೇಕಾದವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಈ ಲೆಕ್ಕ ಬಿಡಿಸಿ ನೋಡುವ ಅಭ್ಯಾಸ ಕಾಲೇಜಿನಲ್ಲೇ ಕೈಗೆ ಹತ್ತಬೇಕು. ಆಮೇಲೆ ಡಾಕ್ಟರಿಗೆ ಪುರುಸೊತ್ತೆಲ್ಲಿ?

2019ರಲ್ಲಿ ಬಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ನಡವಳಿಕೆ, ನೀತಿ, ಮಾತುಕತೆ ಕಲಿಸುವ 'ಎಟ್‌ಕಾಮ್' ಪಾಠ ಇದೆ. ಸ್ಥಳೀಯ ಭಾಷೆಯೂ ಇದೆ. ಒಳ್ಳೆಯದೇ. ಆದರೆ ಉತ್ತರಪತ್ರಿಕೆಯಲ್ಲಿ ಬರೆಯೋದು ಬೇರೆ, ಅಜ್ಜಿಯ ಎದುರು ಕೂತು ಹೇಳೋದು ಬೇರೆ, ಅಲ್ವಾ? ಪಠ್ಯಕ್ರಮ ದೆಹಲಿಯಲ್ಲಿ ತೀರ್ಮಾನವಾಗುತ್ತದೆ, ನಿಜ. ಪರೀಕ್ಷೆ ನಡೆಸುವುದು ಮಾತ್ರ ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಅದರ ಸಮಕುಲಾಧಿಪತಿ ತಾವೇ.

ಫೈನಲ್ ಪ್ರಾಕ್ಟಿಕಲ್‌ನಲ್ಲಿ ವಿದ್ಯಾರ್ಥಿ ಹತ್ತು ನಿಮಿಷ ಒಬ್ಬ ರೋಗಿಗೆ ಕನ್ನಡದಲ್ಲಿ ಕಾಯಿಲೆ, ಮಾತ್ರೆ ಎರಡನ್ನೂ ವಿವರಿಸಲಿ. ಅರ್ಥವಾಯಿತೋ ಇಲ್ಲವೋ ಅಂತ ಆ ರೋಗಿಯನ್ನೇ ಕೇಳಿ ಮಾರ್ಕ್ಸ್ ಹಾಕಿ. ಫೈನಲ್ ಮುಗಿಸಿ ಆಸ್ಪತ್ರೆಯಲ್ಲಿ ತರಬೇತಿಯಲ್ಲಿರುವ ಹೌಸ್ ಸರ್ಜನ್‌ಗಳು ವಾರಕ್ಕೊಮ್ಮೆ ಕೂತು ಒಂದು ಔಷಧದ ಜಾಹೀರಾತನ್ನು ಅದರ ಮೂಲ ಅಧ್ಯಯನದ ಪಕ್ಕ ಇಟ್ಟು ಓದಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಮಷೀನೂ ಬೇಡ. ಬೇಕಿರುವುದು ತಮ್ಮ ಒಂದು ಸೂಚನೆ ಮತ್ತು ಕಲಿಸುವ ಮೇಷ್ಟ್ರುಗಳಿಗೆ ಒಂದಿಷ್ಟು ಸಮಯ.

ಆ ಅಜ್ಜಿಯ ಮಾತ್ರೆ ಪಟ್ಟಿಗಳ ಮೇಲೆ ಒಂದು ಸೂರ್ಯ, ಒಂದು ಚಂದ್ರ ಬರೆದು ಕಳಿಸಿದ್ದೇನೆ. ಸದ್ಯಕ್ಕೆ ನನ್ನ ಕೈಲಾದದ್ದು ಅಷ್ಟೇ. ಮುಂದಿನ ಪರೀಕ್ಷೆಗೆ ಮುಂಚೆ ತಮ್ಮಿಂದ ಉತ್ತರ ಬರುತ್ತದೆಂದು ಕಾಯುತ್ತೇನೆ.

ಇಂತಿ,
ತಾಲ್ಲೂಕು ಆಸ್ಪತ್ರೆ ಎದುರಿನ ಮೆಡಿಕಲ್ ಶಾಪಿನವ