ನೀರಿನ ಮಟ್ಟದ ಪಕ್ಕ ಇನ್ನೊಂದು ಸಾಲು ಹಾಕಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ನಿಮ್ಮ ಪತ್ರಿಕೆಯಲ್ಲಿ ನಾನು ಮೊದಲು ಹುಡುಕುವುದು ಜಲಾಶಯಗಳ ಪಟ್ಟಿಯನ್ನು. ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಕೆಆರ್‌ಎಸ್ 124.80 ಅಡಿ ಮುಟ್ಟಿತಾ, ಲಿಂಗನಮಕ್ಕಿ 1,819ರ ಹತ್ತಿರ ಬಂತಾ ಅಂತ ನೋಡದೆ ಪುಟ ತಿರುಗಿಸುವುದಿಲ್ಲ. ನನ್ನ ಹಾಗೆ ನೋಡುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಆದರೆ ಆ ಪಟ್ಟಿಯಲ್ಲಿ ನೀರಿನ ಸುದ್ದಿ ಮಾತ್ರ ಇದೆ. ಅಷ್ಟೂ ನೀರನ್ನು ಎದೆಗೊಟ್ಟು ಹಿಡಿದಿರುವ ಗೋಡೆ ಹೇಗಿದೆ ಅಂತ ಒಂದಕ್ಷರ ಇಲ್ಲ. ಅದಕ್ಕೂ ಒಂದು ಸಾಲು ಕೊಡಿ ಅಂತ ಕೇಳಲು ಬರೆಯುತ್ತಿದ್ದೇನೆ.

ಇಪ್ಪತ್ತಾರು ವರ್ಷ ಒಂದು ಅಣೆಕಟ್ಟೆಯಲ್ಲಿ ಅಳತೆ ಓದುವ ಕೆಲಸ ಮಾಡಿದವನು ನಾನು. ಯಾವ ಅಣೆಕಟ್ಟೆ ಅನ್ನುವುದು ಬೇಡ. ದೊಡ್ಡ ಗೋಡೆಗಳ ಹೊಟ್ಟೆಯೊಳಗೆ ಉದ್ದಕ್ಕೂ ಒಂದು ಸುರಂಗ ಇರುತ್ತದೆ. ನಾವು ಗ್ಯಾಲರಿ ಅನ್ನುತ್ತೇವೆ. ಏಪ್ರಿಲ್ ಬಿಸಿಲಲ್ಲೂ ಒಳಗೆ ತಣ್ಣಗಿರುತ್ತದೆ. ಗೋಡೆಯಿಂದ ಸುಣ್ಣ ಇಳಿದು ಬಿಳಿ ಗೆರೆ ಮೂಡಿರುತ್ತದೆ. ಕಾಲ ಪಕ್ಕದ ಚರಂಡಿಯಲ್ಲಿ ಸದಾ ನೀರು ಹರಿಯುವ ಸದ್ದು. ಹೊಸಬರು ಆ ಸದ್ದು ಕೇಳಿ ಮುಖ ಮುಖ ನೋಡಿಕೊಳ್ಳುತ್ತಾರೆ. ಹೆದರಬೇಕಿಲ್ಲ, ಸೋರದ ಅಣೆಕಟ್ಟೆ ಇಲ್ಲ. ಎಷ್ಟು ಸೋರುತ್ತಿದೆ, ತಿಳಿಯಾಗಿದೆಯಾ ಕದಡಿದೆಯಾ, ಕಳೆದ ವರ್ಷ ಇಷ್ಟೇ ನೀರು ಇದ್ದಾಗ ಎಷ್ಟಿತ್ತು. ಕೇಳಬೇಕಾದ್ದು ಇದನ್ನು.

ಆ ಚರಂಡಿಗೆ ಅಡ್ಡಲಾಗಿ ‘ವಿ’ ಆಕಾರಕ್ಕೆ ಕತ್ತರಿಸಿದ ಒಂದು ತಗಡು ಕೂರಿಸಿರುತ್ತಾರೆ. ವಿ-ನಾಚ್. ಅದರ ಮೇಲೆ ನೀರು ಎಷ್ಟು ಎತ್ತರ ಹರಿಯುತ್ತಿದೆ ಅಂತ ಓದಿದರೆ ಸೋರಿಕೆ ಲೆಕ್ಕ ಸಿಗುತ್ತದೆ. 90 ಡಿಗ್ರಿ ಮೂಲೆಯ ನಾಚ್ ಆದರೆ 5 ಸೆಂ.ಮೀ.ಗೆ ಸೆಕೆಂಡಿಗೆ ಸುಮಾರು ಮುಕ್ಕಾಲು ಲೀಟರ್. ಅದೇ 10 ಸೆಂ.ಮೀ. ಆದರೆ ಒಂದೂವರೆ ಲೀಟರ್ ಅಲ್ಲ ಸ್ವಾಮಿ, ನಾಲ್ಕು ಲೀಟರಿಗೂ ಮೇಲೆ. ಅದಕ್ಕೇ ಅರ್ಧ ಸೆಂಟಿಮೀಟರ್ ಏರಿದರೂ ನಾವು ಟಾರ್ಚ್ ಬಿಟ್ಟು ಇನ್ನೊಮ್ಮೆ ನೋಡುತ್ತಿದ್ದೆವು.

ಇನ್ನೊಂದು ತೂಗುಗುಂಡು. ಗಾರೆ ಕೆಲಸದವರ ಹತ್ತಿರ ಇರುತ್ತದಲ್ಲ, ಅದೇ. ಗೋಡೆಯ ತಲೆಯಿಂದ ಗ್ಯಾಲರಿವರೆಗೆ ತಂತಿ ಇಳಿಬಿಟ್ಟು, ತೂಗಾಡದಿರಲಿ ಅಂತ ಗುಂಡನ್ನು ಎಣ್ಣೆ ಡಬ್ಬದಲ್ಲಿ ಮುಳುಗಿಸಿರುತ್ತಾರೆ. ಜಲಾಶಯ ತುಂಬಿದಾಗ ಗೋಡೆಯ ತಲೆ ಕೆಲವು ಮಿಲಿಮೀಟರ್ ಮುಂದಕ್ಕೆ, ಅಂದರೆ ಹೊಳೆ ಹರಿಯುವ ಕಡೆಗೆ ವಾಲುತ್ತದೆ. ಬೇಸಿಗೆಯಲ್ಲಿ ನೀರಿಳಿದು ಹೊರಮೈ ಬಿಸಿಲಿಗೆ ಕಾದಾಗ ಹಿಂದಕ್ಕೆ ಬರುತ್ತದೆ. ಕಲ್ಲಿನ ಗೋಡೆಯೂ ವರ್ಷಕ್ಕೊಮ್ಮೆ ಉಸಿರಾಡುತ್ತದೆ ಅನ್ನಿ. ಮುಂದೆ ಹೋದದ್ದು ಹಿಂದಕ್ಕೆ ಬರದಿದ್ದರೆ ಮಾತ್ರ ಮೇಲಿನವರಿಗೆ ಫೋನ್ ಹೋಗಬೇಕು.

ನನಗೆ ತುಂಬಾ ಇಷ್ಟದ್ದು ಕಂಪಿಸುವ ತಂತಿಯ ಮಾಪಕ. ಕಾಂಕ್ರೀಟಿನೊಳಗೆ ಹೂತಿಟ್ಟ ಕೊಳವೆಯಲ್ಲಿ ಬಿಗಿದ ಒಂದು ಉಕ್ಕಿನ ತಂತಿ. ಪಕ್ಕದಲ್ಲೊಂದು ಸುರುಳಿ. ಕೇಬಲ್ಲಿನ ತುದಿಗೆ ಓದುವ ಪೆಟ್ಟಿಗೆ ಸಿಕ್ಕಿಸಿದರೆ ಸುರುಳಿ ಕಾಂತಶಕ್ತಿಯಿಂದ ತಂತಿಯನ್ನು ಮೀಟುತ್ತದೆ. ಮೀಟಿದ ಮೇಲೆ ಅದೇ ಸುರುಳಿ ಸುಮ್ಮನಾಗಿ ಕೇಳಿಸಿಕೊಳ್ಳುತ್ತದೆ. ತಂಬೂರಿ ಬಿರಡೆ ತಿರುವಿದ ಹಾಗೆಯೇ. ತಂತಿ ಬಿಗಿಯಾದರೆ ಸ್ವರ ಏರುತ್ತದೆ, ಸಡಿಲವಾದರೆ ಇಳಿಯುತ್ತದೆ. ಸ್ವರ ಎಷ್ಟು ಬದಲಾಯಿತು ಅನ್ನುವುದರಿಂದ ಒಳಗಿನ ಒತ್ತಡ, ಎಳೆತ ಗೊತ್ತಾಗುತ್ತದೆ. ಹೂತು ಮೂವತ್ತು ವರ್ಷ ಆದರೂ ಕೆಲವು ಹಾಡುತ್ತಲೇ ಇರುತ್ತವೆ. ಕೆಲವು ಹಾಕಿದ ವರ್ಷವೇ ಮೂಕವಾಗುತ್ತವೆ.

ಈಗ ನನ್ನ ತಪ್ಪು ಹೇಳುತ್ತೇನೆ. ಒಂದು ವರ್ಷ ನಮ್ಮ ಓದುವ ಪೆಟ್ಟಿಗೆ ಕೆಟ್ಟಿತು. ರಿಪೇರಿಗೆ ಕಳಿಸಿದ್ದು ಐದು ತಿಂಗಳು ಬರಲಿಲ್ಲ. ರಿಜಿಸ್ಟರ್ ಖಾಲಿ ಬಿಡುವ ಹಾಗಿಲ್ಲ. “ಹೋದ ತಿಂಗಳದ್ದನ್ನೇ ಸ್ವಲ್ಪ ಆಚೆ ಈಚೆ ಮಾಡಿ ಬರೀರಿ” ಅಂದರು. ಬರೆದೆ. ಐದು ತಿಂಗಳು ನನ್ನದೇ ಕೈಬರಹದಲ್ಲಿ ಸುಳ್ಳು ಅಂಕಿ. ಗೋಡೆಗೆ ಏನೂ ಆಗಲಿಲ್ಲ, ಪುಣ್ಯ. ನನಗೆ ಕೊರೆದದ್ದು ಬೇರೆ. ಮೇಲೆ ಕಳಿಸಿದ ಆ ಹಾಳೆಗಳ ಬಗ್ಗೆ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ನಿಜ ಬರೆದಾಗಲೂ ಕೇಳಿರಲಿಲ್ಲ ಅಲ್ವಾ ಅಂತ ಆಮೇಲೆ ಹೊಳೆಯಿತು.

2024ರ ಆಗಸ್ಟ್ ನೆನಪಿಸಿಕೊಳ್ಳಿ. 7ರಂದು ಮಧ್ಯರಾತ್ರಿ ಕಳೆದ ಮೇಲೆ ಕಾರವಾರದ ಹತ್ತಿರ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಒಂದು ಲಾರಿ ನೀರಿಗೆ ಬಿತ್ತು, ಚಾಲಕ ಬದುಕಿದ್ದೇ ದೊಡ್ಡದು. ಮೂರು ದಿನ ಬಿಟ್ಟು, 10ರ ರಾತ್ರಿ, ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಎರಡರ ಸುದ್ದಿಯಲ್ಲೂ ಸೆನ್ಸರ್ ಹಾಕಬೇಕು ಅನ್ನುವ ಮಾತು ಕೇಳಿದೆ. ಹಾಕಲಿ, ಬೇಡ ಅನ್ನುವುದಿಲ್ಲ. ಆದರೆ ಎಪ್ಪತ್ತು ವರ್ಷದ ಅಣೆಕಟ್ಟೆಯ ಚೈನಿಗೆ ಮೊದಲು ಬೇಕಾದ್ದು ತುಕ್ಕು ಕೆರೆದು ಕೊಂಡಿ ಕೊಂಡಿ ನೋಡುವ ಒಬ್ಬ ಮನುಷ್ಯ. ಸೆನ್ಸರ್ ಆಮೇಲೆ.

ಸೆನ್ಸರ್ ಮಾತಾಡಿ, ಅದನ್ನು ಕೇಳಿಸಿಕೊಂಡವರೂ ಇದ್ದ ಉದಾಹರಣೆ ಪಕ್ಕದ ತಮಿಳುನಾಡಿನಲ್ಲೇ ಇದೆ. ರಾಮೇಶ್ವರಕ್ಕೆ ಹೋದವರು 1914ರ ಪಾಂಬನ್ ರೈಲು ಸೇತುವೆ ನೋಡಿರುತ್ತೀರಿ. ಉಪ್ಪುಗಾಳಿಗೆ ಸವೆದ ಆ ಸೇತುವೆಗೆ ಐಐಟಿ ಮದ್ರಾಸಿನವರು ಸೆನ್ಸರ್ ಕೂರಿಸಿದ್ದರು. 2022ರ ಡಿಸೆಂಬರ್‌ನಲ್ಲಿ, ಹಡಗಿಗೆ ದಾರಿ ಬಿಡಲು ಎತ್ತುವ ಭಾಗದಿಂದ ಎಚ್ಚರಿಕೆ ಬಂತು, ರೈಲು ನಿಲ್ಲಿಸಿದರು. ಹಳೇ ಸೇತುವೆಯ ಮೇಲೆ ಮತ್ತೆ ಪ್ರಯಾಣಿಕರ ರೈಲು ಓಡಲೇ ಇಲ್ಲ. 2025ರ ಏಪ್ರಿಲ್‌ನಲ್ಲಿ ಹೊಸತು ಶುರುವಾಯಿತು. ಅಲ್ಲಿಯವರೆಗೆ ಯಾತ್ರಿಕರು ಮಂಡಪಂನಲ್ಲಿ ಇಳಿದು ಬಸ್ಸು ಹಿಡಿದರು. ತೊಂದರೆಯೇ. ಆದರೆ ಯಾರೂ ಸಮುದ್ರಕ್ಕೆ ಬೀಳಲಿಲ್ಲ.

ನಮ್ಮ ಕೃಷ್ಣೆಯನ್ನು ಮಹಾರಾಷ್ಟ್ರದ ಕರಾಡದಲ್ಲಿ ಸೇರುವ ಕೊಯ್ನಾ ನದಿಯ ಕಥೆ ಇನ್ನೂ ಹಳೆಯದು. 1967ರ ಡಿಸೆಂಬರ್‌ನಲ್ಲಿ ಅಲ್ಲಿ ಭೂಕಂಪ ಆದಾಗ ಅಣೆಕಟ್ಟೆಯ ಗ್ಯಾಲರಿಯಲ್ಲಿ ಅಲುಗಾಟ ಬರೆಯುವ ಯಂತ್ರ ಒಂದಿತ್ತು. ಗುರುತ್ವದ 0.63 ಪಾಲಿನಷ್ಟು ವೇಗವರ್ಧನೆ ಅಂತ ದಾಖಲಿಸಿತು. ಗೋಡೆ ಕಟ್ಟುವಾಗ ಲೆಕ್ಕಕ್ಕೆ ಹಿಡಿದಿದ್ದು 0.05. ಗೋಡೆ ಬಿರುಕು ಬಿಟ್ಟರೂ ನಿಂತಿತು, ಆಮೇಲೆ ಬಲಪಡಿಸಿದರು. ಆ ಒಂದು ದಾಖಲೆ ಇಟ್ಟುಕೊಂಡು ಇವತ್ತಿಗೂ ಲೋಕದ ಎಂಜಿನಿಯರ್‌ಗಳು ಪಾಠ ಕಲಿಯುತ್ತಾರೆ. ಯಂತ್ರ ಆ ರಾತ್ರಿ ಕೆಟ್ಟಿದ್ದಿದ್ದರೆ? ಇವತ್ತು ಅಲುಗಾಟ ಅಳೆಯುವ ಚಿಪ್ ಪ್ರತಿ ಫೋನಿನಲ್ಲೂ ಇದೆ. ಫೋನ್ ಅಡ್ಡ ಹಿಡಿದರೆ ಚಿತ್ರ ತಿರುಗುವುದು ಅದರಿಂದಲೇ. ಅಣೆಕಟ್ಟೆಗೆ ಬೇಕಾದ್ದು ಅದಕ್ಕಿಂತ ಬಹಳ ಸೂಕ್ಷ್ಮದ್ದು, ನಿಜ. ಆದರೂ ಈ ಕಾಲದಲ್ಲಿ ಉಪಕರಣ ಸಿಗಲಿಲ್ಲ ಅನ್ನುವ ನೆಪ ನಡೆಯುವುದಿಲ್ಲ.

ಕಾನೂನೂ ಇದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅದರ ವ್ಯಾಪ್ತಿಯ ಪ್ರತಿ ಅಣೆಕಟ್ಟೆಗೂ ಮಾಪಕ ಇರಬೇಕು, ಓದಿದ್ದನ್ನು ದಾಖಲಿಸಬೇಕು ಅನ್ನುತ್ತದೆ. ಆದರೆ ದಾಖಲೆ ಇರುವುದು ಬೀರುವಿನಲ್ಲಿ. ನನ್ನ ಐದು ತಿಂಗಳ ಸುಳ್ಳೂ ಅಂಥದ್ದೇ ಒಂದು ಬೀರುವಿನಲ್ಲಿ ಇರಬಹುದು.

ನಾನು ಕೇಳುವುದು ದೊಡ್ಡದಲ್ಲ. ಜಲಾಶಯದ ಪಟ್ಟಿಯ ಕೆಳಗೆ ವಾರಕ್ಕೊಮ್ಮೆ ಮೂರು ಅಂಕಿ. ನಿಮಿಷಕ್ಕೆ ಎಷ್ಟು ಲೀಟರ್ ಸೋರಿಕೆ. ಕೊನೆಯ ಸಲ ಓದಿದ್ದು ಯಾವ ದಿನ. ಇರುವ ಮಾಪಕಗಳಲ್ಲಿ ಎಷ್ಟು ಕೆಲಸ ಮಾಡುತ್ತಿವೆ. ಮೂರನೆಯದು ಬಂದರೆ ಸಾಕು, ಉಳಿದವು ತಾನಾಗಿ ಸರಿಹೋಗುತ್ತವೆ. “60ರಲ್ಲಿ 22” ಅಂತ ಪೇಪರಿನಲ್ಲಿ ಬಂದ ಮರುದಿನ ಓದುವ ಪೆಟ್ಟಿಗೆಯ ರಿಪೇರಿಗೆ ಐದು ತಿಂಗಳು ಹಿಡಿಯುತ್ತದಾ, ನೋಡೋಣ.

ಜನ ಗಾಬರಿಯಾಗುತ್ತಾರೆ ಅನ್ನುವವರಿಗೆ ಒಂದೇ ಮಾತು. ಗೇಟು ಹೋದ ರಾತ್ರಿ ಹೊಳೆದಂಡೆಯ ಹಳ್ಳಿಗಳಲ್ಲಿ ಯಾವ ಅಂಕಿಯೂ ಇರಲಿಲ್ಲ, ಬರೀ ವಾಟ್ಸ್‌ಆ್ಯಪ್ ಇತ್ತು. ಒಳಹರಿವು ಎಷ್ಟು ಕ್ಯುಸೆಕ್ ಅಂತ ಓದಿ ಅರ್ಥ ಮಾಡಿಕೊಳ್ಳುವ ರೈತನಿಗೆ ಸೋರಿಕೆಯ ಅಂಕಿ ಅರ್ಥವಾಗದೆ ಇರುತ್ತದೆಯೇ? ಮಳೆಗಾಲದಲ್ಲಿ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ ಅಂತ ಎರಡು ವರ್ಷದಲ್ಲಿ ನಮಗಿಂತ ಚೆನ್ನಾಗಿ ಹೇಳುತ್ತಾನೆ.

ಪಟ್ಟಿ ಹೇಗಿರಬಹುದು ಅಂತ ಒಂದು ಹಾಳೆಯಲ್ಲಿ ಗೆರೆ ಎಳೆದು ಈ ಪತ್ರದ ಜೊತೆ ಇಟ್ಟಿದ್ದೇನೆ. ಯಾರೂ ಅಂಕಿ ಕೊಡದಿದ್ದರೆ ಆ ಜಾಗದಲ್ಲಿ ‘ಮಾಹಿತಿ ಬಂದಿಲ್ಲ’ ಅಂತಲೇ ಅಚ್ಚು ಹಾಕಿ. ಸುಮ್ನೆ ಹೋದ ವಾರದ್ದನ್ನು ಮಾತ್ರ ತುಂಬಬೇಡಿ.

ಇಂತಿ,
ನಿವೃತ್ತ ಮಾಪನ ಸಹಾಯಕ,
ದಾವಣಗೆರೆ